ಕಂಪ್ಲಿಯ ಅಂಗೈ

ನಾನು ತೆಗೆದ ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ ಚಿತ್ರ ಒಂದು ಶುದ್ಧ ಸುಳ್ಳು. ಆ ಸುಳ್ಳಿನಲ್ಲಿ ಅರ್ಧ ಪಾಲು ಮದರಾಸಿನ ಒಂದು ಪತ್ರಿಕೆಯದು, ಇನ್ನರ್ಧ ನನ್ನದು. ಇಷ್ಟು ವರ್ಷವಾದ ಮೇಲೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಮೊದಲು ಅವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನನ್ನ ಮೇಲೆ. ಈಗಿನ ಹುಡುಗರು ಕೈಯಲ್ಲಿ ಹಿಡಿಯುವಂಥ ಸಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕಂಡವರ ಮುಖವನ್ನೆಲ್ಲ ಹೊಡೆದುಕೊಂಡು ಓಡುವುದನ್ನು ನೋಡಿದಾಗ, ನಿಲ್ಲಿಸಿ ಎರಡು ಬಾರಿಸೋಣ ಅನ್ನಿಸುತ್ತದೆ. ಬಾರಿಸುವ ಯೋಗ್ಯತೆ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಗಾಜಿನ ಪ್ಲೇಟಿನ ಕಾಲ. ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಕರಿ ಬಟ್ಟೆ, ಹಿಂದೆ ಬಣ್ಣ ಬಳಿದ ಪರದೆ. ಹೊಸದಾಗಿ ಮದುವೆಯಾದವರು ಬರುತ್ತಿದ್ದರು, ಕೋಟು ಹೊಲಿಸಿಕೊಂಡ ವ್ಯಾಪಾರಿಗಳು ಬರುತ್ತಿದ್ದರು. ಅವರಿಗೆ ಎಷ್ಟು ಉಪಚಾರ ಅಂತೀರಿ! ಕುಂದ್ರಿ, ಸೆರಗು ಸರಿ ಮಾಡ್ಕೊಳ್ರಿ, ಕನ್ನಡಿ ಬೇಕೇನ್ರಿ ಎನ್ನುತ್ತಿದ್ದೆ. ಅವರು ಹೂಂ ಎನ್ನುವ ತನಕ ಲೆನ್ಸಿನ ಮುಚ್ಚಳಕ್ಕೆ ಕೈ ಹಾಕುತ್ತಿರಲಿಲ್ಲ.

ಸ್ಟುಡಿಯೋದ ಹೊಸ್ತಿಲು ದಾಟಿದರೆ ನಾನು ಬೇರೆ ಮನುಷ್ಯ. ಹಂಪಿಗೆ ಬರುವ ದೊರೆಗಳ ಜೊತೆ ಹೋದಾಗ, ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ ಕುರುಬನನ್ನು ಎಬ್ಬಿಸಿ, ಲೇ, ಕಂಬಕ್ಕೆ ಒರಗಿ ನಿಲ್ಲು ಎಂದು ಗದರಿದವನು ನಾನು. ಸಂಡೂರಿನ ಗುಡ್ಡದಲ್ಲಿ ಅದಿರಿನ ಬುಟ್ಟಿ ಹೊತ್ತ ಹೆಂಗಸರನ್ನು ಬೆಳಕು ಸರಿಹೋಗಲಿ ಎಂದು ಬುಟ್ಟಿ ತಲೆಯ ಮೇಲಿರುವಾಗಲೇ ಕಾಯಿಸಿ ನಿಲ್ಲಿಸಿದವನೂ ನಾನೇ. ಅವರಲ್ಲಿ ಒಬ್ಬಳ ಕುತ್ತಿಗೆ ನಡುಗುತ್ತಿದ್ದುದು ಆಮೇಲೆ ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆದಾಗ ಮಸುಕಾಗಿ ಕಂಡಿತು. ಥೂ, ಅಲುಗಾಡಿ ಕೆಡಿಸಿದಳಲ್ಲ ಎಂದು ಆಕೆಯನ್ನೇ ಬೈದುಕೊಂಡಿದ್ದೆ. ಚಿತ್ರಕ್ಕೆ ದುಡ್ಡು ಕೊಡುವವರನ್ನು ಕೇಳಬೇಕು, ಉಳಿದವರನ್ನು ಕೇಳಬೇಕಿಲ್ಲ ಎಂಬುದು ನನಗೆ ಯಾರೂ ಹೇಳಿಕೊಡದೆ ಬಂದ ವಿದ್ಯೆ.

ಆ ವರ್ಷದ ಮಳೆಗಾಲದಲ್ಲಿ ತುಂಗಭದ್ರೆ ಕಂಪ್ಲಿಯ ಕೆಳಗಿನ ಓಣಿಗಳಿಗೆ ನುಗ್ಗಿತು. ಆಗಿನ್ನೂ ಅಣೆಕಟ್ಟು ಇರಲಿಲ್ಲ, ಹೊಳೆ ತನಗೆ ತಿಳಿದಂತೆ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಹಿಂದೊಮ್ಮೆ ಹಂಪಿಯ ಚಿತ್ರಗಳನ್ನು ಕಳಿಸಿದ್ದ ಮದರಾಸಿನ ವಾರಪತ್ರಿಕೆಯಿಂದ ತಂತಿ ಬಂತು. ನೆರೆಯ ಚಿತ್ರ ಬೇಕು, ಬೇಗ ಬೇಕು ಎಂದಿತ್ತು. ನನಗೋ ಕೊಂಬು ಬಂದ ಹಾಗಾಯಿತು. ಪೆಟ್ಟಿಗೆ, ಪ್ಲೇಟು ಎಲ್ಲ ಎತ್ತಿನ ಗಾಡಿಗೆ ಹೇರಿಕೊಂಡು ಕಮಲಾಪುರ ದಾಟಿ ಹೊರಟೆ. ಬುಕ್ಕಸಾಗರದ ಹತ್ತಿರ ಗದ್ದೆಯೂ ದಾರಿಯೂ ಒಂದೇ ನೀರಾಗಿತ್ತು. ಗಾಡಿಯವನು ಇಳಿದು ಎತ್ತಿನ ಮೂಗುದಾರ ಹಿಡಿದು ನಡೆಸಿದ. ಕಂಪ್ಲಿ ಮುಟ್ಟುವಾಗ ಮರುದಿನ ಬೆಳಗಾಗಿತ್ತು, ಮೋಡ ಒಂದಿಷ್ಟು ಹರಿದು ಬಿಸಿಲು ಬಿದ್ದಿತ್ತು.

ಎತ್ತರದ ಓಣಿಯಲ್ಲಿ ಒಂದು ದೊಡ್ಡ ಮನೆ. ಅಂಗಳದ ತುಂಬ ಜನ, ಒಲೆಯ ಮೇಲೆ ಹಂಡೆ. ಮನೆಯ ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದರು. ಮಾಸಿದ, ಅಂಚು ಹರಿದ ಸೀರೆ. ನೆನೆದ ಕೂದಲು, ಹಣೆ ತುಂಬ ವಿಭೂತಿ. ಎಡಗೈಯನ್ನು ಎದೆಯ ಮುಂದೆ ಚಾಚಿ, ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ರೆಪ್ಪೆ ಅಲುಗಿಸದೆ ಅದನ್ನೇ ನೋಡುತ್ತಿದ್ದರು. ಓರೆ ಬಿಸಿಲು ಮುಖದ ಒಂದೊಂದು ಗೆರೆಯನ್ನೂ ಎತ್ತಿ ತೋರಿಸುತ್ತಿತ್ತು. ನಮ್ಮ ಕಸುಬಿನವರಿಗೆ ಅಲುಗದೆ ಕೂತವರು ಸಿಕ್ಕರೆ ಹಬ್ಬ. ನಾನು ಸ್ಟ್ಯಾಂಡು ಊರಿದೆ.

ಇಲ್ಲಿ ನಾನು ಅರಿಯದವನ ಹಾಗೆ ನಟಿಸುವಂತಿಲ್ಲ. ನಾನೂ ಲಿಂಗ ಕಟ್ಟಿದವರ ಮನೆಯವನೇ. ನಮ್ಮವ್ವ ಪೂಜೆಗೆ ಕೂತಾಗ ನಾವು ಮಕ್ಕಳು ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಅಂಗೈಯ ಲಿಂಗ ಅವರವರ ಕಣ್ಣಿಗೆ ಮಾತ್ರ, ಕಂಡವರಿಗೆ ತೋರಿಸುವ ವಸ್ತುವಲ್ಲ ಎಂಬುದು ನನಗೆ ಹಾಲು ಕುಡಿಯುವಾಗಿನಿಂದ ಗೊತ್ತು. ಪೂಜೆ ಮುಗಿಯಲಿ, ಕೇಳಿ ತೆಗೆಯೋಣ ಅಂದುಕೊಂಡರೆ ಅಷ್ಟರಲ್ಲಿ ಬಿಸಿಲು ಹೋದರೆ? ತೆಗೆದೇಬಿಟ್ಟೆ. ಸುತ್ತ ಇದ್ದವರು ನನ್ನನ್ನು ಸರಕಾರದವನೆಂದು ತಿಳಿದು ಸುಮ್ಮನಿದ್ದರು. ಆ ಮುದುಕಿಗಂತೂ ನಾನು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

ಪ್ಲೇಟುಗಳನ್ನು ಹೊಸಪೇಟೆಯಿಂದ ರೈಲಿಗೆ ಹಾಕಿದೆ. ಮುಳುಗಿದ ಓಣಿಯ ಚಿತ್ರಕ್ಕೆ ಕಂಪ್ಲಿ ಎಂದು ಬರೆದೆ, ಹರಿಗೋಲಿನ ಚಿತ್ರಕ್ಕೆ ಹರಿಗೋಲು ಎಂದು ಬರೆದೆ. ಮುದುಕಿಯ ಚಿತ್ರಕ್ಕೆ ಊರ ಹೆಸರು ಬಿಟ್ಟು ಏನೂ ಬರೆಯಲಿಲ್ಲ. ಯಾಕೆಂದರೆ ಬರೆಯುವುದು ಏನಿತ್ತು? ಎಡ ಅಂಗೈ ಎದೆಯ ಮುಂದಿದ್ದರೆ, ಕಣ್ಣು ಅಂಗೈಯಲ್ಲಿ ನೆಟ್ಟಿದ್ದರೆ, ಅದು ಪೂಜೆ ಎಂದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. ಪ್ರಪಂಚದಲ್ಲಿ ಅದನ್ನು ಬೇರೆ ತರ ನೋಡುವ ಕಣ್ಣು ಇರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ವಾರ ಕಳೆದು ಪತ್ರಿಕೆ ಬಂತು. ಅರ್ಧ ಪುಟದ ತುಂಬ ಆ ಮುದುಕಿ. ಮೊದಲು ನನಗೆ ಆದದ್ದು ಸಂತೋಷ, ಅದನ್ನೂ ಹೇಳಿಬಿಡುತ್ತೇನೆ. ಸ್ಟೇಷನ್ನಿನ ಚಹಾದಂಗಡಿಯಲ್ಲಿ ನಾಲ್ಕು ಜನಕ್ಕೆ ತೋರಿಸಿದೆ. ಆಮೇಲೆ ಕೆಳಗಿನ ಸಾಲನ್ನು ಕೂಡಿಸಿ ಕೂಡಿಸಿ ಓದಿದೆ. ಒಂದು ಹಿಡಿ ಅನ್ನಕ್ಕಾಗಿ ಕೈಯೊಡ್ಡಿದ ಕಂಪ್ಲಿಯ ಅನಾಥ ಮುದುಕಿ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಚಿತ್ರವನ್ನು ಕಣ್ಣಿನ ಹತ್ತಿರ ತಂದು ನೋಡಿದೆ. ಅಂಗೈ ಖಾಲಿ. ಅಲ್ಲಿ ಲಿಂಗ ಇರಲಿಲ್ಲ. ನಾನು ತೆಗೆದಾಗ ಇದ್ದದ್ದು ಅಚ್ಚಿನಲ್ಲಿ ಹೇಗೆ ಹೋಯಿತು?

ಮರುದಿನವೇ ಕಂಪ್ಲಿಗೆ ಹೊರಟೆ. ಕ್ಷಮೆ ಕೇಳಲು ಹೊರಟವನು ಕ್ಯಾಮೆರಾ ಒಯ್ದದ್ದು ಯಾಕೆ? ಸರಿಯಾದ ಚಿತ್ರ ಇನ್ನೊಂದು ತೆಗೆದು ಕಳಿಸಿದರೆ ತಪ್ಪು ಮುಚ್ಚಿಹೋಗುತ್ತದೆ ಎಂಬ ಅತಿಬುದ್ಧಿ. ನೀರು ಇಳಿದಿತ್ತು, ದಾರಿಯಲ್ಲಿ ಕೆಸರು ಮೊಣಕಾಲುದ್ದ. ಆ ಮನೆಯ ಮುಂದೆ ನನಗಿಂತ ಮೊದಲೇ ಒಂದು ಗಾಡಿ ನಿಂತಿತ್ತು. ಬಳ್ಳಾರಿಯಿಂದ ನೆರೆ ಪರಿಹಾರದವರು ಬಂದಿದ್ದರು, ಅವರ ಮುಂದಾಳು ಒಬ್ಬ ವಕೀಲರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿ ಕರುಳು ಚುರ್ ಎಂದು, ಆ ಮುದುಕಿಗೇ ಖುದ್ದಾಗಿ ಕೊಡಬೇಕೆಂದು ಒಂದು ಚೀಲ ಅಕ್ಕಿ, ಒಂದು ಸೀರೆ ತಂದಿದ್ದರು. ಊರಲ್ಲಿ ಚಿತ್ರ ತೋರಿಸಿ ಕೇಳಿದಾಗ ಯಾರೋ ಈ ಮನೆಗೆ ಕೈ ಮಾಡಿದ್ದರು.

ಆ ಮುದುಕಿ ಆ ಮನೆಯ ಯಜಮಾನಿ ಎಂದು ನನಗೆ ತಿಳಿದದ್ದು ಆಗ. ಓಣಿಯವರೆಲ್ಲ ಅಮ್ಮಾರು ಎಂದು ಕರೆಯುತ್ತಿದ್ದರು. ಹೊಳೆ ಏರಿದ ದಿನ ಕಣಜ ತೆಗೆಸಿ ಒಲೆ ಹಚ್ಚಿಸಿದವರು ಅವರೇ. ಒಳಗಿನ ಕೋಣೆಗಳನ್ನೆಲ್ಲ ಬಾಣಂತಿಯರಿಗೆ, ಮುದುಕರಿಗೆ ಬಿಟ್ಟುಕೊಟ್ಟಿದ್ದರು. ಪೂಜೆಗೆ ಕಟ್ಟೆಗೆ ಬಂದದ್ದು ಅದಕ್ಕೆ. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆಗಳನ್ನು ನೆನೆದು ಬಂದ ಹೆಂಗಸರಿಗೆ ಉಡಲು ಕೊಟ್ಟು, ತಾವು ಹರಿದದ್ದು ಉಟ್ಟಿದ್ದರು. ನಾನು ಹೆಮ್ಮೆಯಿಂದ ಬಡತನ ಎಂದು ಹಿಡಿದು ತಂದದ್ದು ಅದನ್ನು. ಇದನ್ನೆಲ್ಲ ನನಗೆ ಹೇಳಿದವಳು ಅವರ ಸೊಸೆ. ಹೇಳಿದಳು ಎನ್ನುವುದಕ್ಕಿಂತ ಅಂಗಳದಲ್ಲಿ ನಿಂತು ವಕೀಲರ ಮುಖಕ್ಕೆ ಉಗಿದ ಹಾಗೆ ಅಂದಳು, ನಾನು ಕೇಳಿಸಿಕೊಂಡೆ.

ವಕೀಲರು ಕೆಟ್ಟವರಲ್ಲ. ಏನೋ ಎಡವಟ್ಟಾಗಿದೆ ಎಂದು ಅವರಿಗೆ ಗೊತ್ತಾಯಿತು. ಆದರೂ ಬಂದ ಕೆಲಸ ಮುಗಿಸುವ ಅವಸರ. ಕ್ಯಾಮೆರಾ ಹೊತ್ತು ನಿಂತ ನನ್ನನ್ನು ಕಂಡು ಅವರ ಮುಖ ಅರಳಿತು.

“ಬಂದ್ರಲ್ಲ, ಛಲೋ ಆತು. ಅವತ್ತು ಕುಂತಂಗ ಅಮ್ಮಾರನ್ನ ಕುಂದರಸ್ರಿ. ಕೈಯಾಗ ಈ ಸೀರಿ ಇಡ್ತೀವಿ, ಒಂದು ತೆಗದುಬಿಡ್ರಿ. ಕೊಟ್ಟವ್ರು ನೋಡಬೇಕಲ್ಲ,” ಎಂದರು.

ಅಮ್ಮಾರು ನನ್ನ ಕಡೆ ತಿರುಗಿದರು. ತೆಗೆದವನು ನಾನೇ ಎಂದು ಆಗ ಅವರಿಗೆ ತಿಳಿಯಿತು. ಬೈಯಲಿಲ್ಲ. ಪತ್ರಿಕೆ ಕೊಡು ಎಂದು ಕೇಳಿದರು. ಬಿಸಿಲಿಗೆ ಹಿಡಿದು ತಮ್ಮ ಮುಖವನ್ನು ನೋಡಿದರು, ಹರಿದ ಸೀರೆ ನೋಡಿದರು. ಅದಕ್ಕೆಲ್ಲ ಅವರ ಮುಖ ಬದಲಾಗಲಿಲ್ಲ. ಆಮೇಲೆ ಬೆರಳು ಅಂಗೈಯ ಮೇಲೆ ಬಂದು ನಿಂತಿತು.

“ಕೈ ನಂದ ಹೌದು,” ಎಂದರು. “ನನ್ನ ಲಿಂಗ ಎಲ್ಲಿ ಹೋತು, ತಮ್ಮಾ?”

ನಮ್ಮಲ್ಲಿ ಲಿಂಗ ಕಳೆದುಕೊಂಡವರು ಅದು ಸಿಗುವ ತನಕ ಬಾಯಿಗೆ ನೀರು ಹಾಕುವುದಿಲ್ಲ. ಸತ್ತಾಗಲೂ ಅದು ಮೈಮೇಲಿರುತ್ತದೆ. ಅನಾಥೆ ಅಂದದ್ದನ್ನು, ಅನ್ನಕ್ಕೆ ಕೈಯೊಡ್ಡಿದಳು ಅಂದದ್ದನ್ನು ಆ ತಾಯಿ ನುಂಗಿಕೊಂಡಾರು. ಬರಿಗೈ ಮಾಡಿ ಊರೂರಿಗೆ ತೋರಿಸಿದ್ದನ್ನು ಹೇಗೆ ನುಂಗಬೇಕು? ಅಕ್ಕಿಯನ್ನು ಅವರು ವಾಪಸು ಕಳಿಸಲಿಲ್ಲ, ಉಣ್ಣುವವರು ಇನ್ನೂ ಇದ್ದಾರೆ ಎಂದು ಹಂಡೆಯ ಕಡೆಗೆ ಹೊರಿಸಿದರು. ಸೀರೆಯನ್ನು ಅಲ್ಲೇ ನಿಂತಿದ್ದ ಒಬ್ಬ ಹೆಂಗಸಿಗೆ ಕೊಡಿಸಿದರು. ನನ್ನ ಕ್ಯಾಮೆರಾ ಪೆಟ್ಟಿಗೆಯ ಮುಂದೆ ಇನ್ನು ಕೂರುವುದಿಲ್ಲ ಎಂದು ಹೇಳಿ ಒಳಗೆ ಹೋದರು.

ನಾನು ಮದರಾಸಿಗೆ ಹೋದೆ. ಗುಂತಕಲ್ಲಿನಲ್ಲಿ ರೈಲು ಬದಲಿಸಿ, ದಾರಿಯುದ್ದ ಬೈಗುಳ ಜೋಡಿಸಿಕೊಳ್ಳುತ್ತಾ ಹೋದೆ. ಸಂಪಾದಕರು ಕಾಫಿ ತರಿಸಿದರು, ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಚಿತ್ರ ತಿದ್ದುವವನನ್ನು ಕರೆಸಿದರು. ಅವನಿಗೆ ತನ್ನ ಕೆಲಸದ ಬಗ್ಗೆ ಅಭಿಮಾನ. ಅಂಗೈ ಮೇಲೆ ಒಂದು ಕರಿ ಕಲೆ ಇತ್ತು, ಪ್ಲೇಟು ತೊಳೆಯುವಾಗ ಆದದ್ದಿರಬೇಕು, ಪ್ಲೇಟಿನ ಮೇಲೇ ಸೀಸದ ಕಡ್ಡಿಯಿಂದ ತುಂಬಿ ಸರಿಮಾಡಿದೆ, ಗುರುತು ಸಿಗುತ್ತದೆಯೇ ನೋಡಿ ಎಂದ. ಅವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನಾನು ಒಂದು ಸಾಲು ಬರೆದು ಕಳಿಸಿದ್ದರೆ ಅವನ ಕಡ್ಡಿ ಅಲ್ಲಿ ಆಡುತ್ತಿರಲಿಲ್ಲ.

ಆದರೆ ಸಂಪಾದಕರು! ಎಲ್ಲ ಕೇಳಿಸಿಕೊಂಡರು, ಪಾಪ ಪಾಪ ಎಂದರು, ಕೊನೆಗೆ ಇದರಿಂದ ನಷ್ಟವಾದದ್ದು ಯಾರಿಗೆ ಎಂದು ಕೇಳಿದರು. ಆ ಕೈ ನೋಡಿಯೇ ಅಲ್ಲವೇ ಜನ ಅಕ್ಕಿ ಕೊಟ್ಟದ್ದು, ಬಟ್ಟೆ ಕೊಟ್ಟದ್ದು? ಮನೆಯ ಯಜಮಾನಿ ಪೂಜೆ ಮಾಡುತ್ತಿದ್ದಾಳೆ ಎಂದು ಬರೆದಿದ್ದರೆ ಯಾರ ಮನಸ್ಸು ಕರಗುತ್ತಿತ್ತು? ಅದು ಈಗ ಒಬ್ಬ ಹೆಂಗಸಿನ ಚಿತ್ರ ಅಲ್ಲ, ನೆರೆಯ ಚಿತ್ರ ಎಂದು ನನಗೇ ತಿಳಿಹೇಳಿದರು.

ನನ್ನ ತಲೆ ಕೆಟ್ಟುಹೋಯಿತು. ಅಕ್ಕಿ ಬೇಕಾಗಿತ್ತು, ನಿಜ, ಅದು ಹಂಡೆಗೆ ಹೋದದ್ದನ್ನು ನಾನೇ ನೋಡಿದ್ದೇನೆ. ಆದರೆ ಇವರ ಕರುಣೆ ಎಂಥದ್ದು? ನೀಡುವ ಕೈಯನ್ನು ಬೇಡುವ ಕೈ ಮಾಡಿ ತೋರಿಸದಿದ್ದರೆ ಎದ್ದೇಳುವುದೇ ಇಲ್ಲವೇ ಅದು? ಒಬ್ಬರಿಗೆ ಅನ್ನ ಸಿಗಬೇಕಾದರೆ ಇನ್ನೊಬ್ಬರ ಮಾನ ತೆಗೆಯಬೇಕೇ? ನಿಮ್ಮ ತಾಯಿಯ ಕೊರಳ ತಾಳಿಯನ್ನು ಕಲೆ ಎಂದು ಅಳಿಸಿ, ವಿಧವೆ ಎಂದು ಬರೆದು ಅಚ್ಚು ಹಾಕಲೇ ಎಂದು ಕೇಳಿಬಿಟ್ಟೆ. ಅವರ ಮುಖ ಕೆಂಪಾಯಿತು. ಕಾಫಿ ಕುಡಿಯದೆ ಎದ್ದೆ. ಪ್ಲೇಟು ಕೊಡಿ, ಮುಂದಿನ ವಾರ ನಾಲ್ಕು ಸಾಲು ತಿದ್ದುಪಡಿ ಹಾಕಿ ಎಂದೆ. ಪ್ಲೇಟು ಕೊಟ್ಟರು. ತಿದ್ದುಪಡಿ ನೋಡೋಣ ಎಂದರು. ಆ ವಾರ ನೋಡಿದೆ, ಅದರ ಮುಂದಿನ ವಾರ ನೋಡಿದೆ, ದೀಪಾವಳಿಯ ತನಕ ನೋಡಿದೆ. ಒಂದಕ್ಷರ ಬರಲಿಲ್ಲ.

ಸೀಸದ ಕಡ್ಡಿಯ ತಿದ್ದು ಟರ್ಪೆಂಟೈನಿಗೆ ಬಿಡುತ್ತದೆ. ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒರೆಸಿದೆ. ಪ್ರಿಂಟು ಹಾಕಿದರೆ ಅಂಗೈಯ ನಡುವೆ ಲಿಂಗ ತಿರುಗಿ ಬಂತು, ಅದರ ಮೇಲಿನ ವಿಭೂತಿ ಕೂಡ ಕಾಣುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚುಮರೆ ಯಾಕೆ. ಇದನ್ನು ಬೇರೆ ಪತ್ರಿಕೆಗಳಿಗೆ ಕಳಿಸುತ್ತೇನೆ, ನಿಜ ಏನೆಂದು ಪಕ್ಕದಲ್ಲಿ ಬರೆಯುತ್ತೇನೆ, ಮದರಾಸಿನವರ ಮಾನ ಹರಾಜು ಹಾಕುತ್ತೇನೆ ಎಂದು ಕುಣಿಯುತ್ತಾ ಪ್ಲೇಟನ್ನೂ ಪ್ರಿಂಟನ್ನೂ ಕಂಪ್ಲಿಗೆ ಒಯ್ದೆ. ಈ ಸಲ ಕ್ಯಾಮೆರಾ ಒಯ್ಯಲಿಲ್ಲ. ಅವರ ಒಪ್ಪಿಗೆ ಕೇಳಿಯೇ ಕಳಿಸುತ್ತೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಮ್ಮಾರು ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಪ್ರಿಂಟು ನೋಡಿದರು. ಬಹಳ ಹೊತ್ತು ನೋಡಿ ಸೆರಗಿನಿಂದ ಮುಚ್ಚಿದರು. ಸೊಸೆ ಇಣುಕಿದರೆ ಆಕೆಗೂ ತೋರಿಸಲಿಲ್ಲ.

“ಮದ್ಲ ಬರಿಗೈ ಮಾಡಿ ತೋರ್ಸಿದ್ರಿ. ಈಗ ನನ್ನ ಲಿಂಗ ಊರ ಮಂದಿಗೆಲ್ಲ ತೋರ್ಸಿ ನನ್ನ ಮಾನ ಉಳಸ್ತೀಯೇನು? ಬ್ಯಾಡಪ್ಪ,” ಎಂದರು.

ನಾನು ಹಟ ಹಿಡಿದೆ. ಹಾಗೇ ಬಿಟ್ಟರೆ ಸಾವಿರಾರು ಜನ ನಿಮ್ಮನ್ನು ಭಿಕ್ಷುಕಿ ಅಂದುಕೊಂಡೇ ಇರುತ್ತಾರಲ್ಲ ಎಂದೆ. ನಿಜ ಹೇಳುವುದಕ್ಕೆ ನನ್ನ ಹತ್ತಿರ ಇರುವುದು ಇದೊಂದೇ ಚಿತ್ರ ಎಂದೆ.

ಅವರು ಹುಣಸೆಯ ಬೀಜ ಒಂದನ್ನು ತೆಗೆದು ಬುಟ್ಟಿಗೆ ಹಾಕಿದರು. “ಅವತ್ತು ಪೂಜಿ ಮುಗದ ಮ್ಯಾಲ ಇದ ಕಟ್ಟಿ ಮ್ಯಾಲ ನಿಂತು ಮಧ್ಯಾನ್ದ ತನಕ ಮಂದಿಗೆ ನೀಡೀನಿ. ನೀ ಒಂದು ಮಾತು ಕೇಳಿದ್ರ, ಕುಂದ್ರು ತಮ್ಮಾ, ಪೂಜಿ ಆಗ್ಲಿ, ಆಮ್ಯಾಲ ಬೇಕಾದಷ್ಟು ತಗಿ ಅಂತಿದ್ದೆ,” ಎಂದರು.

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಬಿಸಿಲು ಹೋದೀತು ಎಂದು ಹೆದರಿದೆನಲ್ಲ, ಅವತ್ತು ಮಧ್ಯಾಹ್ನದ ತನಕ ಬಿಸಿಲು ಹೋಗಿರಲಿಲ್ಲ. ನಾನು ಹೊಳೆಯ ದಂಡೆಯಲ್ಲಿ ಹರಿಗೋಲಿನ ಚಿತ್ರ ತೆಗೆಯುತ್ತಾ ಅಲೆದಾಡುತ್ತಿದ್ದೆ. ನನಗೆ ಬೇಕಾದ ನಿಜ ಕಟ್ಟೆಯ ಮೇಲೆ ಸೌಟು ಹಿಡಿದು ನಿಂತಿತ್ತು, ಕೇಳಲು ನನಗೆ ಪುರುಸೊತ್ತು ಇರಲಿಲ್ಲ.

ಪ್ಲೇಟನ್ನು ಏನು ಮಾಡಲಿ ಎಂದು ಕೇಳಿದೆ. ಒಡೆದುಬಿಡು ಎಂದರು. ಒರಳಿನ ಮೇಲಿಟ್ಟು ಗುಂಡುಕಲ್ಲಿನಿಂದ ಒಡೆದೆ. ಬರಿಗಾಲಲ್ಲಿ ಓಡಾಡುವವರ ಮನೆ ಎಂದು ಚೂರುಗಳನ್ನೆಲ್ಲ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಪ್ರಿಂಟನ್ನು ಅವರು ಒಲೆಗೆ ಹಾಕಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡು ಹೊಸಪೇಟೆಗೆ ಬಂದೆ.

ಎಲ್ಲಿ ಮುಗಿಯುತ್ತದೆ? ಆ ಚಿತ್ರವನ್ನು ಅಚ್ಚೊತ್ತಲು ಮಾಡಿಸಿದ ಲೋಹದ ಬ್ಲಾಕು ಮದರಾಸಿನಲ್ಲೇ ಉಳಿದಿತ್ತು, ಅದು ನನಗೆ ನೆನಪೇ ಆಗಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ನಮ್ಮ ಹೊಳೆ ತಣ್ಣಗೆ ಹರಿಯಿತು, ಗೋದಾವರಿ ಏರಿತು. ಅದೇ ಪತ್ರಿಕೆ, ಅದೇ ಅರ್ಧ ಪುಟ. ಅದೇ ಹಣೆ, ಅದೇ ಬರಿಗೈ. ಈ ಸಲ ಕೆಳಗೆ ಗೋದಾವರಿ ತೀರದ ಅನಾಥ ಮುದುಕಿ ಎಂದಿತ್ತು. ಒಬ್ಬರ ಮುಖವನ್ನು ಹಳೇ ಚೀಲದ ಹಾಗೆ ಇಟ್ಟುಕೊಂಡು, ಯಾವ ಊರಲ್ಲಿ ನೀರು ಬಂದರೂ ಅದನ್ನೇ ಝಾಡಿಸಿ ಮುಂದೆ ಹಿಡಿಯುವ ಈ ಜನಕ್ಕೆ ಏನೆನ್ನಬೇಕು? ಬೈದು ಬರೆದ ಕಾಗದಕ್ಕೆ ಉತ್ತರವೂ ಬರಲಿಲ್ಲ. ಅವರಿಗೆ ಅಂದಿನಿಂದ ಒಂದು ಪ್ಲೇಟನ್ನೂ ಕಳಿಸಲಿಲ್ಲ, ಅದರಿಂದ ಅವರಿಗೇನೂ ಆಗಲಿಲ್ಲ.

ಅಮ್ಮಾರಿಗೆ ಹೇಳದೆ ಮುಚ್ಚಿಡಬಹುದಿತ್ತು. ಕಂಪ್ಲಿಗೆ ಆ ಪತ್ರಿಕೆ ಬರುತ್ತಿದ್ದದ್ದೇ ಅಪರೂಪ. ಆದರೆ ಒಮ್ಮೆ ಅವರಿಗೆ ತಿಳಿಯದಂತೆ ಮಾಡಿದ್ದು ಸಾಕಾಗಿತ್ತು. ಗಾಡಿ ಹತ್ತಿ ಹೋದೆ, ಪತ್ರಿಕೆ ಅವರ ಮುಂದಿಟ್ಟೆ, ಬ್ಲಾಕಿನ ವಿಷಯ ಬಿಡಿಸಿ ಹೇಳಿದೆ. ಈ ಸಲವಾದರೂ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಚಿತ್ರವನ್ನು ನೋಡಲೂ ಇಲ್ಲ.

“ಈ ಸಲ ಯಾವ ಊರಂತ ಬರದಾರ?” ಎಂದು ಕೇಳಿದರು.

ಹೇಳಿದೆ. ಅದು ಎಲ್ಲಿ ಬರುತ್ತದೆ, ಅಲ್ಲಿ ಹೊಳೆ ಬಹಳ ಏರಿತ್ತೇ ಎಂದು ವಿಚಾರಿಸಿದರು. ಹೌದೆಂದೆ.

“ಅಲ್ಲೂ ಯಾವಾಕಿಯೋ ಒಬ್ಬಾಕಿ ಒಲಿ ಹಚ್ಚಿ ಮಂದಿಗೆ ನೀಡಿರ್ತಾಳ,” ಎಂದರು. “ನನ್ನ ಮಕ ಹಾಕಿ ಆಕಿನ್ನ ಮುಚ್ಚಿಬಿಟ್ರಲ್ಲೋ.”